ನಮ್ಮ ಕೈತೋಟದ ಬಿಸಿಲು ದೀಪ

ಯಾವುದೇ ವಸ್ತುವನ್ನು ಉದ್ಘಾಟನೆ ಮಾಡುವುದು ಬಹಳ ಸುಲಭ. ಒಂದು ಹಾರ, ಒಂದು ತೆಂಗಿನಕಾಯಿ, ಗಟ್ಟಿ ಗಂಟಲಿನ ಒಬ್ಬ ಮನುಷ್ಯ ಇದ್ದರೆ ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ. ಕಷ್ಟ ಶುರುವಾಗುವುದು ಮರುದಿನ ಬೆಳಿಗ್ಗೆ, ಆ ವಸ್ತುವಿನ ಮೇಲೆ ಕಾಗೆ ಹಿಕ್ಕೆ ಹಾಕಿದಾಗ. ಹಾರ ಹಾಕಿಸಿಕೊಂಡವರು ಅಷ್ಟೊತ್ತಿಗೆ ಜೀಪು ಹತ್ತಿ ಹೋಗಿರುತ್ತಾರೆ. ಒರೆಸುವವನು ಊರಲ್ಲೇ ಉಳಿದಿರುತ್ತಾನೆ. ಜನರಲ್ಲಿ ಹೀಗೆ ಎರಡು ಬಗೆ. ನಾನು ಯಾವ ಬಗೆಯವನೆಂಬುದು ಬಾಲ್ಯದಲ್ಲೇ ತೀರ್ಮಾನವಾಗಿತ್ತು.

ಹಾನಗಲ್ಲಿನ ನಮ್ಮ ಮನೆಯಲ್ಲಿ ಕಂದೀಲಿನ ಗಾಜು ಒರೆಸುವ ಕೆಲಸ ನನ್ನದು. ಅದರೊಳಗೆ ಹೋಗುವಂಥ ಸಣ್ಣ ಕೈ ಮನೆಯಲ್ಲಿ ನನ್ನೊಬ್ಬನಿಗೇ ಇತ್ತು. ಕೈ ದೊಡ್ಡದಾದರೆ ಬಿಡುಗಡೆ ಸಿಗುತ್ತದೆಂದು ಆಗಾಗ ಅಳೆದು ನೋಡಿಕೊಳ್ಳುತ್ತಿದ್ದೆ. ಅದು ದೊಡ್ಡದಾಗುವ ಹೊತ್ತಿಗೆ ಮನೆಗೆ ಕರೆಂಟು ಬಂತು. ಬಲ್ಬಿಗೆ ಅಂಟಿದ ಹುಳುಗಳ ಕಲೆ ಒರೆಸಲು ಈಗ ಎತ್ತರದವರು ಬೇಕಾದರು. ಅಷ್ಟರಲ್ಲಿ ನಾನು ಎತ್ತರವಾಗಿದ್ದೆ. ಒಂದು ಮದುವೆಯಲ್ಲಿ ಬಾಡಿಗೆಗೆ ತಂದ ಪೆಟ್ರೊಮ್ಯಾಕ್ಸಿನ ಗಾಜಿನ ಜತೆಗೆ ಒಳಗೆ ಉರಿದು ಬೆಳಕು ಕೊಡುವ ಬೂದಿಯಂಥ ಮ್ಯಾಂಟಲನ್ನೂ ಶ್ರದ್ಧೆಯಿಂದ ಒರೆಸಿ, ಬೀಗರನ್ನೆಲ್ಲ ಕತ್ತಲೆಯಲ್ಲಿ ಊಟಕ್ಕೆ ಕೂರಿಸಿದ ಕೀರ್ತಿಯೂ ನನಗಿದೆ. ಇಷ್ಟು ಅನುಭವವಿರುವವನನ್ನು ದೀಪಗಳು ಹುಡುಕಿಕೊಂಡು ಬಂದರೆ ಆಶ್ಚರ್ಯವೇನು?

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ ಇತಿಹಾಸ ಕಲಿಸುವ ಮಾಸ್ತರನಾಗಿದ್ದೆ. ಬಿಸಿಲಿನಿಂದ ಉರಿಯುವ ದೀಪವೊಂದನ್ನು ಸರಕಾರದವರು ಪರೀಕ್ಷೆಗೆಂದು ನಮ್ಮ ಶಾಲೆಗೆ ಕೊಟ್ಟರು. ಶಾಲೆಗೆ ಕಂಪೌಂಡು ಇರಲಿಲ್ಲ. ದನ ಮೈ ತಿಕ್ಕಿದರೆ ಕಂಬ ಉಳಿಯುವುದಿಲ್ಲವೆಂದು ಹೆಡ್‌ಮಾಸ್ತರರು ಅದನ್ನು ಶಾಲೆಯ ಪಕ್ಕದಲ್ಲಿದ್ದ ನಮ್ಮ ಮನೆಯ ಕೈತೋಟದಲ್ಲಿ ನೆಡಿಸಿದರು. ಇದು ವಿಜ್ಞಾನದ ಮಾಸ್ತರರ ಕೆಲಸವಲ್ಲವೇ ಎಂದು ನಾನು ಕೇಳಿದೆ. ಆದರೆ ಆ ಮಾಸ್ತರರು ದಿನಾ ಸವಣೂರಿನಿಂದ ಬಂದು ಹೋಗುವವರು. ದೀಪ ಹೊತ್ತಿಕೊಳ್ಳುವುದು ಅವರ ಬಸ್ಸು ಹೋದ ಮೇಲೆ. ಹೀಗೆ ಬಸ್ಸಿನ ವೇಳೆಯಿಂದಾಗಿ ವಿಜ್ಞಾನ ನನ್ನ ಪಾಲಿಗೆ ಬಂತು. ಕಂಬದ ತಲೆಯ ಮೇಲೆ ಒಂದು ಕರೀ ಗಾಜಿನ ಹಲಗೆ, ಅದರ ಕೆಳಗೆ ಟ್ಯೂಬ್‌ಲೈಟು, ಬುಡದಲ್ಲಿ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬ್ಯಾಟರಿ. ಹಗಲೆಲ್ಲ ಬಿಸಿಲು ಕುಡಿದು ಸಂಜೆ ತಾನಾಗಿಯೇ ಹೊತ್ತಿಕೊಳ್ಳುವ ಯಂತ್ರ. ಇದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ, ಸೂರ್ಯನೇ ಎಲ್ಲ ನೋಡಿಕೊಳ್ಳುತ್ತಾನೆ ಎಂದು ಉದ್ಘಾಟನೆಗೆ ಬಂದವರು ಭಾಷಣ ಮಾಡಿದರು. ನನ್ನ ಹೆಂಡತಿ ಗಿರಿಜಾ ಮಾತ್ರ ಅದನ್ನು ನಂಬಲಿಲ್ಲ. ಕಂಬಕ್ಕೆ ಗುಂಡಿ ತೋಡುವಾಗ ಅವಳ ಅಬ್ಬಲಿಗೆ ಹೂವಿನ ಮಡಿ ಹಾಳಾಗಿತ್ತು. ಹೂವಿನ ಗಿಡಕ್ಕೇ ನಾಲ್ಕು ದಿನ ನೀರು ಹಾಕದೆ ಮರೆಯುವ ನಾನು ಸೂರ್ಯನನ್ನು ಹೇಗೆ ನೋಡಿಕೊಳ್ಳುತ್ತೇನೆಂಬುದು ಅವಳ ಚಿಂತೆ.

ಊರಲ್ಲಿ ಕರೆಂಟು ಇತ್ತು, ಆದರೆ ಸಂಜೆ ಇರುತ್ತಿರಲಿಲ್ಲ. ಇದ್ದಾಗಲೂ ಬಲ್ಬಿನೊಳಗಿನ ತಂತಿ ಕೆಂಪಗೆ ಕಾಣುವಷ್ಟೇ ವೋಲ್ಟೇಜು. ಬಲ್ಬು ಎಲ್ಲಿದೆಯೆಂದು ತಿಳಿಯುತ್ತಿತ್ತೇ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಹೀಗಾಗಿ ನಮ್ಮ ತೋಟದ ಬೆಳಕಿಗೆ ಬಲುಬೇಗ ಬೇಡಿಕೆ ಬಂತು. ಮೊದಲು ಬಂದವರು ಎದುರು ಮನೆಯ ನೀಲವ್ವ. ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿಯುವುದರಲ್ಲಿ ಅವರ ಕೈ ಊರಿಗೇ ಗೊತ್ತು. ವಯಸ್ಸಾಗಿ ಕಣ್ಣು ಮಂಜಾಗಿತ್ತು, ಸೂಜಿಗೆ ಬೆಳಕು ಬೇಕಿತ್ತು. ಮರುದಿನ ಅವರ ತಂಗಿ ಚನ್ನವ್ವ ಬಂದರು. ಜೋಳ ಹಸನು ಮಾಡಲು ಮೊರ ಹಿಡಿದುಕೊಂಡು. ಕಲ್ಲು ಕಾಣದೆ ಬೀಸಿಸಿದರೆ ಮಗ ಊಟಕ್ಕೆ ಕೂತು ಹಲ್ಲು ಹಿಡಿದುಕೊಳ್ಳುತ್ತಾನೆಂಬುದು ಅವರ ಕಾರಣ. ಅಕ್ಕ ಕಂಬದ ಈಚೆ ಕೂತರೆ ತಂಗಿ ಆಚೆ ಕೂತರು. ಇಬ್ಬರ ನಡುವೆ ಒಂದು ಚಾಪೆಯ ಜಾಗ ಇತ್ತು. ಅಲ್ಲಿ ನನ್ನ ಕುರ್ಚಿ ಇತ್ತು. ಇದರ ಅರ್ಥ ನನಗೆ ಆಮೇಲೆ ತಿಳಿಯಿತು.

ಈ ಅಕ್ಕ ತಂಗಿಯರು ಒಂದೇ ಮನೆಯ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಬಂದವರು. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ರೊಟ್ಟಿ ಬಡಿದವರು. ನಾನು ಆ ಊರಿಗೆ ಬರುವ ಹೊತ್ತಿಗೆ ಮನೆಯ ನಡುವೆ ಗೋಡೆ ಎದ್ದು, ಇಬ್ಬರ ನಡುವೆ ಮಾತು ನಿಂತು ಹೋಗಿತ್ತು. ಕಾರಣವನ್ನು ಗಿರಿಜಾ ಬಾವಿಯ ಕಟ್ಟೆಯ ಮೇಲೆ ತಿಳಿದುಕೊಂಡು ಬಂದಳು. ನೀಲವ್ವನಿಗೆ ಹೆಣ್ಣುಮಕ್ಕಳಿಲ್ಲ. ಚನ್ನವ್ವನ ಮಗಳು ಶಾಂತಾಳನ್ನು ಎತ್ತಿ ಆಡಿಸಿ, ಜಡೆ ಹೆಣೆದು ಬೆಳೆಸಿದ್ದೇ ದೊಡ್ಡಮ್ಮ. ಶಾಂತಾಳ ಮದುವೆಯ ಹೊತ್ತಿಗೆ ನೀಲವ್ವನ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮದುಮಗಳಿಗೆ ಅರಿಷಿಣ ಹಚ್ಚಿ ಹಾಡು ಹೇಳುತ್ತ ನೀರೆರೆಯುವ ಸುರಗಿಗೆ ಕೇರಿಯ ಹೆಂಗಸರನ್ನೆಲ್ಲ ಕರೆದರು, ನೀಲವ್ವನನ್ನು ಕರೆಯಲಿಲ್ಲ. ಬರಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಯಾರೂ ಹೇಳಲಿಲ್ಲ. ಮದುವೆ ಮುಗಿದ ಮೇಲೆ ನೀಲವ್ವ ಮಾತು ನಿಲ್ಲಿಸಿದರು. ಮುಂದೆ ಚನ್ನವ್ವನ ಗಂಡ ತೀರಿಕೊಂಡಾಗ ಬಂದು ದಿನಕರ್ಮಗಳು ಮುಗಿಯುವವರೆಗೂ ಆ ಮನೆಯ ಕೆಲಸವನ್ನೆಲ್ಲ ಮಾಡಿ, ಒಂದು ಮಾತೂ ಆಡದೆ ಗೋಡೆಯಾಚೆ ಹೋಗಿಬಿಟ್ಟರಂತೆ. ಇದನ್ನು ಕೇಳಿದ ಮೇಲೆ ನಾನು ಹೋಗಿ ದೀಪದ ಕಂಬವನ್ನು ಒರೆಸಿದೆ.

ಮಾತು ನಿಂತಿತ್ತೇ ಹೊರತು ಹೇಳಬೇಕಾದ್ದು ನಿಂತಿರಲಿಲ್ಲ. ಅದಕ್ಕೆ ನಡುವೆ ಕುರ್ಚಿಯಲ್ಲಿ ನಾನಿದ್ದೆ. "ಮಾಸ್ತರ, ಆ ಕಡೆ ಕುಂತವ್ರಿಗೆ ಹೇಳ್ರಿ, ಜ್ವಾಳದ ಧೂಳ ನನ್ನ ಕೌದಿ ಮ್ಯಾಲ ಬೀಳಾಕತ್ತೈತಿ ಅಂತ" ಎಂದು ನೀಲವ್ವ ಹೇಳುವರು. ಚನ್ನವ್ವ ಕೂತದ್ದು ಕೈಗೆ ಸಿಗುವಷ್ಟು ಹತ್ತಿರ. ಮಾತು ಸ್ಪಷ್ಟವಾಗಿ ಕೇಳಿರುತ್ತದೆ. ಆದರೂ ನಾನು ಹೇಳುವ ತನಕ ಅವರು ಮೊರದಲ್ಲಿ ಕೇರುತ್ತಲೇ ಇರುವರು. ನಾನು ಹೇಳಿದ ಮೇಲೆ, "ಗಾಳಿ ನನ್ನ ಮಾತ ಕೇಳೂದಿಲ್ಲಂತ ಹೇಳ್ರಿ ಮಾಸ್ತರ" ಎಂದು ಉತ್ತರ ಬರುವುದು. ನಾನು ಈ ಕಡೆ ತಿರುಗಿ ಅದನ್ನು ಒಪ್ಪಿಸಬೇಕು. ಕೆಲವು ಸಂಜೆ ನನ್ನ ಕುತ್ತಿಗೆ ನೋಯುತ್ತಿತ್ತು. ಇತಿಹಾಸದಲ್ಲಿ ರಾಜರ ನಡುವೆ ಓಡಾಡಿದ ದೂತರ ಬಗ್ಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದವನಿಗೆ ಆ ದೂತರ ಕಷ್ಟ ಈಗ ತಿಳಿಯಿತು. ಒಮ್ಮೆ ಜಾಣತನ ಮಾಡಲು ಹೋಗಿ, ಚನ್ನವ್ವ ಆಡಿದ ಖಾರದ ಮಾತನ್ನು ಸ್ವಲ್ಪ ಬೆಲ್ಲ ಬೆರೆಸಿ ನೀಲವ್ವನಿಗೆ ದಾಟಿಸಿದೆ. ನೀಲವ್ವ ಸೂಜಿ ನಿಲ್ಲಿಸಿದರು. "ಆಕಿ ಹಂಗ ಅಂದಿಲ್ಲರಿ. ಅಂದದ್ದನ್ನ ಹೇಳ್ರಿ" ಎಂದರು. ಆಚೆಯಿಂದ ಚನ್ನವ್ವನೂ ಹೌದೆಂದು ತಲೆಯಾಡಿಸಿದರು. ಅವರಿಬ್ಬರೂ ಒಂದಾಗಿ ಒಪ್ಪಿದ ಮೊದಲ ಸಂಗತಿಯೆಂದರೆ ನಾನು ಸರಿಯಿಲ್ಲ ಎಂಬುದು.

ಹೀಗೆ ನಡೆದಿರುವಾಗ ದೀಪ ಕೈಕೊಡಲು ಶುರುಮಾಡಿತು. ಮೊದಮೊದಲು ಊರೆಲ್ಲ ಮಲಗುವವರೆಗೂ ಉರಿಯುತ್ತಿದ್ದುದು ಈಗ ನಮ್ಮ ಊಟಕ್ಕೆ ಮುಂಚೆಯೇ ಮಂಕಾಗಿ, ಎರಡು ಸಲ ಕಣ್ಣು ಮಿಟುಕಿಸಿ ಆರಿಹೋಗುತ್ತಿತ್ತು. ಅದು ಚಳಿಗಾಲ, ದಿನವೂ ಸ್ವಚ್ಛ ಬಿಸಿಲು. ಸೂರ್ಯನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ನೀಲವ್ವನ ಕೈಯಲ್ಲಿ ಆಗ ಒಂದು ಸಣ್ಣ ಕೌದಿ ಇತ್ತು. ಉಳಿದವುಗಳಿಗಿಂತ ಒತ್ತಾದ ಹೊಲಿಗೆ, ಮೆತ್ತನೆಯ ಹಳೇ ಸೀರೆಗಳು. ಯಾರಿಗೆಂದು ಕೇಳಿದರೆ ಯಾರಿಗಾದರೂ ಆಗುತ್ತದೆ ಎನ್ನುತ್ತಿದ್ದರು. ದೀಪ ಆರಿದಾಗ ಅದನ್ನು ಮಡಚಿಕೊಂಡು ಎದ್ದು ಹೋಗುವಾಗ ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು. ಮಾಸ್ತರರೇ ಬೇಕೆಂದು ಆರಿಸುತ್ತಾರೇನೋ, ಸಂಜೆ ಸಂಜೆ ಬಂದು ಕೂರುವುದು ಅವರಿಗೆ ಬೇಸರವಾಗಿದೆಯೇನೋ ಎಂಬ ಮಾತು ಬಾವಿಕಟ್ಟೆಯಿಂದ ಗಿರಿಜಾಳ ಕಿವಿಗೆ ಬಿತ್ತು. ಆ ರಾತ್ರಿ ನನಗೆ ರೊಟ್ಟಿ ರುಚಿಸಲಿಲ್ಲ.

ಏಣಿ ಹಾಕಿ ಹತ್ತಿದೆ. ಗಾಜಿನ ಹಲಗೆಯ ಮೇಲೆ ಗೋವಿನಜೋಳದ ರಾಶಿಯ ಧೂಳು ರೊಟ್ಟಿಯಂತೆ ಕೂತಿತ್ತು. ಕಾಗೆಗಳು ತಮ್ಮ ಪಾಲು ಸೇರಿಸಿದ್ದವು. ಗಿರಿಜಾಳ ಹಳೆಯ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಒರೆಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ನೀಲವ್ವ ಒಲೆಯ ಬೂದಿ, ತೆಂಗಿನ ನಾರು ತಂದು ಏಣಿಯ ಕೆಳಗೆ ನಿಂತಿದ್ದರು. ಪಾತ್ರೆಯಾದರೇನು, ಗಾಜಾದರೇನು, ಬೂದಿಯಿಲ್ಲದೆ ಹೊಳಪು ಬರುವುದಿಲ್ಲವೆಂದು ಅವರ ವಾದ. ಗಾಜಿಗೆ ಗೀರು ಬಿದ್ದರೆ ಬಿಸಿಲು ಒಳಗಿಳಿಯುವುದಿಲ್ಲವೆಂದು ತಿಳಿಸಿ ಹೇಳಿ ಕಳಿಸುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮುಂದಿನದು ಬೇವಿನ ಟೊಂಗೆ. ಅವರ ಅಂಗಳದ ಬೇವು ಓಣಿ ದಾಟಿ ಬಂದು ಮಧ್ಯಾಹ್ನವೆಲ್ಲ ಹಲಗೆಯ ಮೇಲೆ ನೆರಳು ಚೆಲ್ಲುತ್ತಿತ್ತು. ಪಾಲಾದಾಗ ಬುಡ ಚನ್ನವ್ವನ ಕಡೆಗೆ ಹೋಗಿತ್ತು, ನೆರಳು ನೀಲವ್ವನ ಎಮ್ಮೆಯ ಮೇಲೆ ಬೀಳುತ್ತಿತ್ತು. ಒಬ್ಬರು ಕಡಿಯಿರಿ ಎಂದರೆ ಇನ್ನೊಬ್ಬರು ಎಮ್ಮೆಯ ಮುಖ ತೋರಿಸಿದರು. ಕೊನೆಗೆ ಎಮ್ಮೆಯ ನೆರಳಿಗೆ ಧಕ್ಕೆಯಾಗದಂತೆ ಓಣಿಯ ಮೇಲಿನ ತುದಿಯನ್ನಷ್ಟೇ ಕಡಿಯುವುದೆಂದು ಒಪ್ಪಂದವಾಯಿತು. ಅದರ ಒಂದೊಂದು ಷರತ್ತನ್ನೂ ನಾನೇ ಈ ಬಾಗಿಲಿಂದ ಆ ಬಾಗಿಲಿಗೆ ಹೊತ್ತು ಒಯ್ದೆ.

ಇಷ್ಟಾದರೂ ದೀಪ ಸುಧಾರಿಸಲಿಲ್ಲ. ಉಳಿದದ್ದು ಪೆಟ್ಟಿಗೆ. ಅದನ್ನು ತೆರೆಯಲು ನನಗೆ ಭಯವಿತ್ತೆಂದು ಹೇಳಲು ನಾಚಿಕೆಯೇನಿಲ್ಲ. ತೆರೆದರೆ ಮೊದಲು ಒಂದು ಹಲ್ಲಿ ನನ್ನ ತೋಳಿನ ಮೇಲೆ ಹಾದು ಹೋಯಿತು. ಅದು ಹೋದ ಮೇಲೆ ಬ್ಯಾಟರಿ ಕಂಡಿತು. ತಂತಿ ಕೂಡುವ ಎರಡು ಮೊಳೆಗಳಿಗೂ ಬಿಳಿ ಹಸಿರು ಬೂಸರು ಹತ್ತಿತ್ತು. ಮುಚ್ಚಳ ತಿರುವಿ ನೋಡಿದರೆ ಒಳಗಿನ ನೀರು ತಳ ಕಂಡಿತ್ತು. ಶಿಗ್ಗಾವಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದವರೊಬ್ಬರು ಇದಕ್ಕೆ ಬಾವಿಯ ನೀರು ಹಾಕಿದರೆ ಬ್ಯಾಟರಿಯೇ ಹೋಗುತ್ತದೆ, ಬಟ್ಟಿ ಇಳಿಸಿದ ನೀರೇ ಬೇಕು ಎಂದು ಹೇಳಿ ಒಂದು ಶೀಸೆ ತುಂಬ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ನಮ್ಮೂರಿನ ಹಿರಿಯರು ಏನದು ಎಂದು ಕೇಳಿದರು. ನೀರು ಎಂದೆ. ಅವರು ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಸಂಜೆಯೊಳಗೆ ಊರಲ್ಲೆಲ್ಲ ಸುದ್ದಿ: ಮಾಸ್ತರರು ನೀರು ತರಲು ಶಿಗ್ಗಾವಿಗೆ ಹೋಗಿದ್ದರು. ನಮ್ಮ ಬಾವಿ ಬತ್ತಿತೇ ಎಂದು ಕೆಲವರು ಬಂದು ಬಗ್ಗಿ ನೋಡಿ ಹೋದರು.

ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಆ ಬೂಸರಿನ ಮೇಲೆ ಸುರಿದಾಗ ಅದು ಬುಸುಗುಟ್ಟಿ ನೊರೆ ಉಕ್ಕಿತು. ಹಳೇ ಹಲ್ಲಿನ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಚಳಿಗೆ ತುಟಿಗೆ ಹಚ್ಚಲೆಂದು ಗಿರಿಜಾ ಇಟ್ಟುಕೊಂಡಿದ್ದ ವ್ಯಾಸಲೀನನ್ನು ಮೊಳೆಗಳಿಗೆ ಹಚ್ಚಿದೆ. ನೀರು ತುಂಬಿದೆ. ಎಲ್ಲ ಸರಿಯಾಯಿತೆಂದು ಬೀಗುತ್ತಿದ್ದೆ. ಪ್ಯಾಂಟು ಒಗೆದು ಹಾಕಿದಾಗ ತೊಡೆಯ ಮೇಲೆ ಜರಡಿಯಂತೆ ತೂತುಗಳು ಕಂಡವು. ಬ್ಯಾಟರಿಯ ಆಸಿಡ್ ಹನಿಗಳು ತಮ್ಮ ಕೆಲಸ ಮಾಡಿದ್ದವು. ನೀಲವ್ವ ಅದಕ್ಕೆ ಒಳಗಿನಿಂದ ತೇಪೆ ಹಾಕಿ ಕೊಟ್ಟರು. ತೇಪೆ ಎಷ್ಟು ಚೆಂದವಾಗಿತ್ತೆಂದರೆ ತರಗತಿಯಲ್ಲಿ ಮಕ್ಕಳು ಪಾಠಕ್ಕಿಂತ ಅದನ್ನೇ ಹೆಚ್ಚು ಗಮನವಿಟ್ಟು ನೋಡಿದರು.

ಇನ್ನು ಒಂದು ಕೆಲಸ ಉಳಿದಿತ್ತು. ಬ್ಯಾಟರಿ ತೀರ ಖಾಲಿಯಾಗಿದೆ, ಫ್ಯೂಜು ತೆಗೆದು ಕೆಲವು ದಿನ ದೀಪ ಉರಿಸದೆ ಬಿಡಿ, ಬಿಸಿಲು ಅದನ್ನು ತುಂಬಲಿ ಎಂದು ಗ್ಯಾರೇಜಿನವರು ಹೇಳಿದ್ದರು. ನನಗೆ ಇದೇ ಎಲ್ಲಕ್ಕಿಂತ ಕಷ್ಟದ್ದಾಗಿ ಕಂಡಿತು. ಶಾಂತಾ ಹೆರಿಗೆಗೆಂದು ತವರಿಗೆ ಬರುವ ದಿನ ಹತ್ತಿರವಾಗಿತ್ತು. ಆ ಸಣ್ಣ ಕೌದಿ ಯಾರಿಗೆಂದು ಅಷ್ಟರಲ್ಲಿ ನನ್ನಂಥವನಿಗೂ ತಿಳಿದಿತ್ತು. ಫ್ಯೂಜು ತೆಗೆದ ದಿನ ಹೊತ್ತು ಮುಳುಗುತ್ತಿದ್ದಂತೆ ತೋಟದಲ್ಲಿ ಕಾದು ಕೂತೆ. ಅಕ್ಕ ತಂಗಿ ಇಬ್ಬರೂ ಎಂದಿನಂತೆ ಬಂದರು. ದೀಪ ಕೆಲವು ದಿನ ಇರುವುದಿಲ್ಲವೆಂದು ಇಬ್ಬರಿಗೂ ಬೇರೆ ಬೇರೆಯಾಗಿ ತಿಳಿಸಿದೆ. ಎದ್ದು ಹೋಗುತ್ತಾರೆಂದುಕೊಂಡಿದ್ದೆ, ಹೋಗಲಿಲ್ಲ. ನೀಲವ್ವ ಕೌದಿಯನ್ನು ಪಕ್ಕಕ್ಕಿಟ್ಟರು. ಚನ್ನವ್ವ ಮೊರವನ್ನು ಕಂಬಕ್ಕೆ ಆನಿಸಿದರು. ಕೈಯಲ್ಲಿ ಕೆಲಸವಿಲ್ಲದೆ ಅವರಿಬ್ಬರೂ ಎದುರುಬದುರು ಕೂತದ್ದನ್ನು ನಾನು ಅಂದೇ ನೋಡಿದ್ದು. ಮೆಲ್ಲಗೆ ಕತ್ತಲಾಗುತ್ತ ಬಂತು, ಮುಖಗಳು ಕಾಣದಾದವು.

"ಮಾಸ್ತರ, ಶಾಂತಿ ಯಾವಾಗ ಬರ್ತಾಳಂತ ಕೇಳ್ರಿ" ಎಂದರು ನೀಲವ್ವ.

ನಾನು ಅಭ್ಯಾಸದಂತೆ ಕುತ್ತಿಗೆ ತಿರುಗಿಸಿದೆ. ಬಾಯಿ ತೆರೆಯುವ ಮೊದಲೇ ಆಚೆಯಿಂದ ಉತ್ತರ ಬಂತು.

"ನಾಡಿದ್ದ ಬರ್ತಾಳ, ಅಕ್ಕ."

ಆ 'ಅಕ್ಕ' ಎಂಬ ಮಾತು ನನ್ನ ತಲೆಯ ಮೇಲಿಂದ ಹಾದು ಹೋಯಿತು. ಎದ್ದು ಒಳಗೆ ಹೋಗಬೇಕಾಗಿತ್ತು. ಆದರೆ ನನ್ನ ಕುರ್ಚಿ ಅಲುಗಿದರೆ ಕಿರುಗುಟ್ಟುವಂಥದು. ಕಲ್ಲಿನಂತೆ ಕೂತೆ.

ಮಾತು ಮುಂದುವರಿಸಿದವರು ನೀಲವ್ವ. "ಸುರಗಿ ದಿನಾ ನಾ ಉಗ್ರಾಣದಾಗ ಬೆಲ್ಲಾ ಕುಟ್ಟಾಕತ್ತಿದ್ದೆ. ಹಾಡು ಕೇಳಸ್ತಿತ್ತು. ಈಗ ಕರೀತಾಳ, ಈಗ ಕರೀತಾಳ ಅಂತ ಕುಟ್ಟಿದ ಬೆಲ್ಲಾನ ಕುಟ್ಟಿಕೋತ ಕುಂತಿದ್ದೆ."

"ಕರ್ಯಾಕ ಬಂದಿದ್ದೆ ಅಕ್ಕ" ಎಂದರು ಚನ್ನವ್ವ. ಅವರ ದನಿ ಸಣ್ಣಗಾಗಿತ್ತು. "ಉಗ್ರಾಣದ ಬಾಗಲ ತನಕ ಬಂದಿದ್ದೆ. ಬೀಗರ ಕಡೆ ಹೆಣ್ಮಕ್ಕಳು ನಿಂತು ನೋಡಾಕತ್ತಿದ್ರು. ನನಗ ಧೈರ್ಯ ಸಾಲಲಿಲ್ಲ. ತಿರುಗಿ ಹೋದೆ."

"ಗೊತ್ತೈತಿ. ನಿನ್ನ ಕಾಲುಂಗುರದ ಸಪ್ಪಳ ಕೇಳಿತ್ತು. ಬಾಗಲ ತನಕ ಬಂದು ಹೋತು. ಬರದ ಇದ್ದಿದ್ರ ನನಗ ಇಷ್ಟು ಸಿಟ್ಟು ಬರ್ತಿದ್ದಿಲ್ಲ, ಚನ್ನಿ."

ಚನ್ನವ್ವ ಅಳುತ್ತಿದ್ದರು. ಕತ್ತಲಲ್ಲಿ ನನಗೆ ಕಾಣಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ನೀಲವ್ವ ಎದ್ದು ಬರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಳಲು ಬಿಟ್ಟರು. ಅದು ನಿಂತ ಮೇಲೆ ಚನ್ನವ್ವ, "ಕೂಸಿಗೆ ಮೊದಲನೇ ನೀರು ನೀನ ಹಾಕಬೇಕು. ಯಾರು ನೋಡ್ತಾರೋ ನೋಡ್ಲಿ" ಎಂದರು.

"ನಾ ಹಾಕದ ಮತ್ಯಾರು ಹಾಕ್ತಾರ? ನಿನಗ ಕೂಸಿನ ಕುತ್ತಿಗಿ ಹಿಡ್ಯಾಕ ಎಂದಾರ ಬಂದೈತೇನು?" ಎಂದರು ನೀಲವ್ವ. ಇಷ್ಟು ವರ್ಷಗಳ ಮೇಲೆ ಅಕ್ಕ ತಂಗಿಗೆ ನೇರವಾಗಿ ಕೊಟ್ಟ ಮೊದಲ ಬೈಗುಳ ಅದು. ಚನ್ನವ್ವ ಅಳು ಬೆರೆತ ದನಿಯಲ್ಲೇ ನಕ್ಕರು.

ದಿನ ತುಂಬಿದ ಶಾಂತಾ ಬಂದಳು. ಕೌದಿಯ ಉಳಿದ ಅರ್ಧವನ್ನು ಅಕ್ಕ ತಂಗಿ ಇಬ್ಬರೂ ನೀಲವ್ವನ ಕಟ್ಟೆಯ ಮೇಲೆ ಹಾಡಹಗಲಲ್ಲೇ, ಎರಡು ತುದಿ ಹಿಡಿದು ಕೂತು ಮುಗಿಸಿದರು. ಹಗಲಲ್ಲಿ ಒಟ್ಟಿಗೆ ಕೂರಬಹುದಾದರೆ ದೀಪದ ಅಗತ್ಯವೇ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು, ಆದರೆ ಅದನ್ನು ಹತ್ತಿಕ್ಕಿದೆ. ಶಾಲೆಯಲ್ಲಿ ಎಲ್ಲರೆದುರು, ನಮ್ಮ ಬಿಸಿಲು ದೀಪ ಎರಡು ಮನೆಗಳನ್ನು ಒಂದು ಮಾಡಿತೆಂದು ಹೇಳಿಕೊಂಡೆ. ವಿಜ್ಞಾನದ ಮಾಸ್ತರರು ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ನಿಂತು ಕೇಳಿದರು. ಮನೆಗೆ ಬಂದು ಗಿರಿಜಾಳಿಗೂ ಅದನ್ನೇ ಹೇಳಿದೆ. ಅವಳು ಅಕ್ಕಿ ಆರಿಸುತ್ತ, "ದೀಪ ಉರಿಯೂಮಟ ಒಬ್ಬರ ಮಾರಿ ಒಬ್ಬರು ನೋಡಿದ್ದಿಲ್ಲರಿ. ನೀವು ಅದನ್ನ ಕೆಡಿಸಿದ ಮ್ಯಾಲ ಮಾತಾಡಿದ್ರು" ಎಂದಳು. ಕೆಡಿಸಲಿಲ್ಲ, ರಿಪೇರಿ ಮಾಡುತ್ತಿದ್ದೆ ಎಂದು ತಿದ್ದಿದೆ. ಹಾಗೇ ಆಗಲಿ ಎಂದಳು.

ಕೊನೆಗೆ ಬ್ಯಾಟರಿ ತುಂಬಿದ ಸಂಜೆ ಬಂತು. ಶಾಂತಾಳ ಮಗಳು ಹುಟ್ಟಿ, ನೀಲವ್ವನ ಕಾಲ ಮೇಲೆ ಮಲಗಿ ಮೊದಲ ನೀರು ಹಾಕಿಸಿಕೊಂಡು, ಆ ಕೌದಿಯಲ್ಲಿ ನಿದ್ದೆ ಹೋಗಿತ್ತು. ನಾನು ಗಾಜಿನ ಹಲಗೆಯನ್ನು ಮತ್ತೊಮ್ಮೆ ಒರೆಸಿ, ಫ್ಯೂಜು ಹಾಕಿ, ತೇಪೆಯ ಪ್ಯಾಂಟನ್ನೇ ತೊಟ್ಟು ತೋಟದಲ್ಲಿ ನಿಂತೆ. ಅಕ್ಕ ತಂಗಿ ಬಂದು ಒಂದೇ ಚಾಪೆಯ ಮೇಲೆ ಕೂತರು. ಗಿರಿಜಾಳೂ ಅವರ ಜತೆ ಸೇರಿಕೊಂಡಳು. ಕೂಸಿನ ಮೂಗು ಯಾರ ಹಾಗಿದೆ ಎಂಬ ಚರ್ಚೆ ನಡೆದಿತ್ತು. ಹೊತ್ತು ಮುಳುಗಿತು. ದೀಪ ಒಮ್ಮೆ ಮಿನುಗಿ, ಉದ್ಘಾಟನೆಯ ದಿನಕ್ಕಿಂತಲೂ ಜೋರಾಗಿ ಹೊತ್ತಿಕೊಂಡಿತು. ನಾನು ಕೈ ಕಟ್ಟಿಕೊಂಡು, ಹೊಗಳಿಕೆ ಬಂದರೆ ಹೇಗೆ ವಿನಯದಿಂದ ತಲೆ ತಗ್ಗಿಸಬೇಕೆಂದು ಯೋಚಿಸುತ್ತಿದ್ದೆ.

ನೀಲವ್ವ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಮೇಲೆ ನೋಡಿದರು.

"ಕಣ್ಣಿಗೆ ಕುಕ್ಕತೈತಿ, ಮಾಸ್ತರ. ನಾವು ಮಾತಾಡೂಮಟ ಆರಸ್ರಿ. ಆಮ್ಯಾಲ ಹಚ್ಚುವಂತ್ರಿ."

ನಾನು ಚನ್ನವ್ವನ ಕಡೆ ನೋಡಿದೆ. ಅವರಾದರೂ ನನ್ನ ಪಕ್ಷಕ್ಕೆ ಬಂದಾರೆಂದು. "ಹೌದ್ರಿ. ನೀವೂ ಒಳಗ ಹೋಗಿ ಆರಾಮ ಕುಂದರ್ರಿ, ನಮ್ಮದು ಹೆಣ್ಮಕ್ಕಳ ಮಾತೈತಿ" ಎಂದರು.

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಬಗ್ಗಿ ಪೆಟ್ಟಿಗೆ ತೆರೆದು ಫ್ಯೂಜು ತೆಗೆದು ಜೇಬಿಗೆ ಹಾಕಿಕೊಂಡೆ. ತೋಟ ಮತ್ತೆ ಕತ್ತಲಾಯಿತು, ಮಾತು ನಿಂತಲ್ಲಿಂದ ಮುಂದುವರಿಯಿತು. ಒಳಗೆ ಹೋದರೆ ಕರೆಂಟು ಇರಲಿಲ್ಲ. ಹೊರಗೆ ತುಂಬಿದ ಬ್ಯಾಟರಿ ಇಟ್ಟುಕೊಂಡು ಅಡುಗೆಮನೆಯಲ್ಲಿ ಗೋಡೆ ತಡಕುತ್ತ ನಿಂತೆ. ಕಡ್ಡಿಪೆಟ್ಟಿಗೆ ಎಲ್ಲಿದೆಯೆಂದು ಗಿರಿಜಾಳನ್ನು ಕೂಗಿ ಕೇಳಿದೆ. ಮಾತಿನ ನಡುವೆ ಅವಳಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿದಾಗ ಉತ್ತರ ಬಂತು: "ಸ್ವಲ್ಪ ತಡೀರಿ, ಕತ್ತಲಾಗ ಕುಂತ್ರ ಏನೂ ಆಗೂದಿಲ್ಲ."